ತುಮಕೂರಿನಿಂದ ಒಂದು ಪುಟ್ಟ ಆಡಿಯೋ ಲೇಬಲ್: ಕಾಗದಪತ್ರದಿಂದ ರಿಲೀಸ್‌ವರೆಗೆ

ತುಮಕೂರು ಜಿಲ್ಲೆಯಲ್ಲಿ ಹಾಡೋರಿಗೆ ಬರ ಇಲ್ಲ. ಶಿರಾ ಕಡೆ ಹೋದರೆ ಗಣೆ ಅನ್ನೋ ಬಿದಿರಿನ ಕೊಳಲು ಊದುವ ಕಾಡುಗೊಲ್ಲ ಹಿರಿಯರು ಸಿಗುತ್ತಾರೆ. ಪಾವಗಡ, ಮಧುಗಿರಿ ಕಡೆ ತತ್ವಪದ, ಭಜನೆ ಮೇಳಗಳಿವೆ. ತಮಟೆ, ಉರುಮೆ, ಅರೆವಾದ್ಯದವರು ಸುತ್ತಮುತ್ತ ಊರುಗಳಲ್ಲೇ ಇದ್ದಾರೆ. ಇತ್ತ ಪೇಟೆಯಲ್ಲಿ ಕಾಲೇಜು ಹುಡುಗರು ಫೋನಿನಲ್ಲೇ ಬೀಟ್ ಕೂಡಿಸಿ ರ‍್ಯಾಪ್ ಹಾಡುತ್ತಾರೆ. ಇವರ ಹಾಡುಗಳು ಯೂಟ್ಯೂಬಿನಲ್ಲಿ ಇಲ್ಲವೆಂದಲ್ಲ, ಇವೆ. ಆದರೆ ಯಾರದೋ ಚಾನೆಲ್‌ನಲ್ಲಿ, ಹಾಡಿದವರ ಹೆಸರೇ ಇಲ್ಲದೆ, ಒಂದು ರೂಪಾಯಿಯೂ ಅವರ ಕೈಸೇರದ ಹಾಗೆ ಇವೆ.

ಹಾಡು ರೆಕಾರ್ಡ್ ಮಾಡಿಸಿ ಬಿಡುಗಡೆ ಮಾಡುವ ಲೇಬಲ್ ಅಂದರೆ ಸ್ಟುಡಿಯೋ, ದುಬಾರಿ ಮೈಕು ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಅವೆಲ್ಲ ಬಾಡಿಗೆಗೆ ಸಿಗುತ್ತವೆ. ಬಾಡಿಗೆಗೆ ಸಿಗದ ಕೆಲಸ ಎರಡು: ಹೆಸರುಗಳನ್ನು ಸರಿಯಾಗಿ ದಾಖಲಿಸುವುದು, ದುಡ್ಡನ್ನು ಸರಿಯಾಗಿ ಹಂಚುವುದು. ಈ ಬರಹದಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹೆಸರು, ನೋಂದಣಿ

ಇದನ್ನು ಬೇಗ ಮುಗಿಸಿಬಿಡಿ. ಮೊದಲ ವರ್ಷ ಪ್ರೈವೇಟ್ ಲಿಮಿಟೆಡ್ ಕಂಪನಿ ಬೇಕಾಗಿಲ್ಲ. ಒಬ್ಬರೇ ಇದ್ದರೆ ಸ್ವಂತ ಹೆಸರಿನ ಉದ್ಯಮ ಸಾಕು. ಇಬ್ಬರು ಮೂವರಿದ್ದರೆ ಪಾಲುದಾರಿಕೆ ಪತ್ರ ಮಾಡಿಸಿಕೊಳ್ಳಿ. ಸ್ನೇಹಿತರ ನಡುವೆ ಪತ್ರ ಯಾಕೆ ಅಂತ ಬಿಡಬೇಡಿ. ಸಣ್ಣ ಉದ್ಯಮಗಳಿಗೆ ಸರ್ಕಾರದ 'ಉದ್ಯಮ್' ನೋಂದಣಿ ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲೇ ಆಗುತ್ತದೆ, ಶುಲ್ಕ ಇಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ. ಲೇಬಲ್ ಹೆಸರಿನಲ್ಲಿ ಕರೆಂಟ್ ಅಕೌಂಟ್ ತೆರೆಯಿರಿ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸೇವೆಗಳಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ಆದರೂ ಆಡಿಟರ್ ಒಬ್ಬರನ್ನು ಮೊದಲೇ ಕಂಡು ಮಾತಾಡಿ.

ಹೆಸರಿಡುವ ಮುಂಚೆ ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟ್‌ನಲ್ಲಿ 9 ಮತ್ತು 41ನೇ ವರ್ಗಗಳಲ್ಲಿ ಹುಡುಕಿ ನೋಡಿ. ರೆಕಾರ್ಡಿಂಗ್ ಮೊದಲನೆಯದರಲ್ಲಿ, ಮನರಂಜನೆ ಎರಡನೆಯದರಲ್ಲಿ ಬರುತ್ತದೆ. ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ ವರ್ಗಕ್ಕೆ 4,500 ರೂಪಾಯಿ. ಮೊದಲ ದಿನವೇ ಅರ್ಜಿ ಹಾಕಲೇಬೇಕೆಂದಿಲ್ಲ. ಬೇರೆಯವರ ಹೆಸರು ಎತ್ತಿಕೊಂಡಿಲ್ಲ ಅಂತ ಖಾತ್ರಿಯಾದರೆ ಸದ್ಯಕ್ಕೆ ಸಾಕು.

ಈ ಹಾಡು ಯಾರದು?

ರೆಕಾರ್ಡಿಂಗ್ ದಿನ ಗೊತ್ತು ಮಾಡುವ ಮುಂಚೆ ಈ ಪ್ರಶ್ನೆ ಕೇಳಿ. ಕಾನೂನಿನ ಲೆಕ್ಕದಲ್ಲಿ ಒಂದು ಹಾಡಿನೊಳಗೆ ಬೇರೆ ಬೇರೆ ಹಕ್ಕುಗಳಿವೆ. ಸಾಹಿತ್ಯದ್ದು ಒಂದು, ಮಟ್ಟಿನದ್ದು ಒಂದು, ರೆಕಾರ್ಡಿಂಗಿನದ್ದು ಇನ್ನೊಂದು. ಹಾಡಿದವರು, ಬಾರಿಸಿದವರಿಗೆ ಕಲಾವಿದರ ಹಕ್ಕು ಬೇರೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಮತ್ತು ಸಂಗೀತದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಸತ್ತ ವರ್ಷದ ಮುಂದಿನ ಜನವರಿ 1ರಿಂದ ಎಣಿಕೆ. ರೆಕಾರ್ಡಿಂಗ್‌ಗೆ ಪ್ರಕಟವಾದ ಮೇಲೆ 60 ವರ್ಷ, ಕಲಾವಿದರ ಹಕ್ಕಿಗೆ 50 ವರ್ಷ.

ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯ 1946ರಲ್ಲಿ ತೀರಿಕೊಂಡರು. ಅವರ ಕವಿತೆಗೆ ನೀವೇ ಮಟ್ಟು ಹಾಕಿ ಹಾಡಿಸಿದರೆ ಯಾರ ಅನುಮತಿಯೂ ಬೇಡ, 2007ರಿಂದಲೇ ಅದು ಎಲ್ಲರದ್ದು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಪದ್ಯ ಮುಟ್ಟಬೇಕಾದರೆ 2041 ಮುಗಿಯುವವರೆಗೆ ಕುಟುಂಬದ ಅಥವಾ ಹಕ್ಕುದಾರರ ಒಪ್ಪಿಗೆ ಬೇಕು. ವಚನಗಳು, ಹಳೆಯ ತತ್ವಪದಗಳ ಸಾಹಿತ್ಯಕ್ಕೆ ತೊಂದರೆ ಇಲ್ಲ. ಆದರೆ ಅದಕ್ಕೆ ಇತ್ತೀಚೆಗೆ ಯಾರೋ ಕೂಡಿಸಿದ ಮಟ್ಟು ಅವರದ್ದೇ.

ಭಜನೆ ಮೇಳದವರ ಹತ್ತಿರ ಇನ್ನೊಂದು ಮಾತು ಕೇಳಲೇಬೇಕು: "ಈ ಮಟ್ಟು ಎಲ್ಲಿಂದ ಬಂತು ಅಣ್ಣಾ?" ದೇವರ ಹಾಡುಗಳಲ್ಲಿ ಎಷ್ಟೋ ಸಿನಿಮಾ ಮಟ್ಟಿನವು. ಹಾಡೋರಿಗೆ ಅದರಲ್ಲಿ ಯಾವ ಮುಚ್ಚುಮರೆಯೂ ಇರುವುದಿಲ್ಲ, ಕೇಳಿದರೆ ಯಾವ ಸಿನಿಮಾ ಅಂತಲೂ ಹೇಳುತ್ತಾರೆ. ಊರಿನ ಗುಡಿಯಲ್ಲಿ ಹಾಡಿಕೊಳ್ಳಲಿ, ಚೆನ್ನಾಗೇ ಇರುತ್ತದೆ. ನಿಮ್ಮ ಲೇಬಲ್‌ನಲ್ಲಿ ಹಾಕಿದರೆ ಯೂಟ್ಯೂಬಿನ ಯಂತ್ರವೇ ಅದನ್ನು ಹಿಡಿದು, ಬರುವ ದುಡ್ಡನ್ನೆಲ್ಲ ಸಿನಿಮಾ ಹಾಡಿನ ಮಾಲೀಕರಿಗೆ ತಿರುಗಿಸಬಹುದು. ಅಂಥ ಹಾಡು ಬಿಟ್ಟು ಬೇರೆ ಆರಿಸಿ.

ಇನ್ನು ಜನಪದ. ಕಾಡುಗೊಲ್ಲರ ದೈವ ಜುಂಜಪ್ಪನ ಕಥೆಯನ್ನೋ ಸೋಬಾನೆಯನ್ನೋ ರೆಕಾರ್ಡ್ ಮಾಡಿದರೆ ಆ ರೆಕಾರ್ಡಿಂಗ್ ಮಾತ್ರ ನಿಮ್ಮದು, ಹಾಡು ನಿಮ್ಮದಲ್ಲ. ಸಾಹಿತ್ಯ, ಸಂಗೀತದ ಜಾಗದಲ್ಲಿ 'ಸಾಂಪ್ರದಾಯಿಕ' ಅಂತ ಹಾಕಿ, ಯಾರಿಂದ ಕಲಿತದ್ದು, ಯಾವ ಊರಿನ ಪಾಠ ಅಂತ ವಿವರಣೆಯಲ್ಲಿ ಬರೆಯಿರಿ. ಇಲ್ಲಿ 'ಸಂಗೀತ: ನಾನು' ಅಂತ ಸುಮ್ನೆ ಸೇರಿಸಿಕೊಳ್ಳುವ ಆಡಿಯೋ ಕಂಪನಿಯವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಒಪ್ಪಂದ: ಮೈಕ್ ಹಚ್ಚುವ ಮುಂಚೆ

ಕ್ಯಾಸೆಟ್ ಕಾಲದ ಪದ್ಧತಿ ನಿಮಗೂ ಗೊತ್ತಿರಬಹುದು. ಒಂದಿಷ್ಟು ದುಡ್ಡು, ಒಂದು ಸಹಿ, ಹಕ್ಕನ್ನೆಲ್ಲ ಪೂರ್ತಿ ಬರೆಸಿಕೊಂಡದ್ದಾಯಿತು. ಹಿರಿಯ ಕಲಾವಿದರು 'ನೀವು ಆಡಿಯೋ ಕಂಪನಿಯೋರಾ?' ಅಂತ ಅನುಮಾನದಿಂದ ಕೇಳುವುದಕ್ಕೆ ಕಾರಣ ಅದೇ. ನೀವು ಪೂರ್ತಿ ಬರೆಸಿಕೊಳ್ಳಬೇಡಿ. 5 ಅಥವಾ 7 ವರ್ಷದ ಲೈಸೆನ್ಸ್ ತೆಗೆದುಕೊಳ್ಳಿ, ಅದು ಮುಗಿದ ಮೇಲೆ ರೆಕಾರ್ಡಿಂಗ್ ಕಲಾವಿದರಿಗೇ ಹೋಗಲಿ. ಅಷ್ಟರಲ್ಲಿ ನೀವು ಚೆನ್ನಾಗಿ ನಡೆದುಕೊಂಡಿದ್ದರೆ ಅವರೇ ಮುಂದುವರಿಸುತ್ತಾರೆ.

ಪತ್ರದಲ್ಲಿ ಏನಿರಬೇಕು? ಹಾಡುಗಳ ಪಟ್ಟಿ, ಯಾವ ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ, ಪಾಲು ಎಷ್ಟು, ಲೆಕ್ಕ ಯಾವಾಗ ಕೊಡುತ್ತೀರಿ. ವರ್ಷ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ತಿಳಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ನಿಮ್ಮ ಹಾಡು ಇಂಟರ್‌ನೆಟ್‌ನಲ್ಲಿ ದುಬೈಯಲ್ಲೂ ಕೇಳುತ್ತದೆ, ಅಲ್ವಾ? ಹಾಗಾಗಿ 'ಜಗತ್ತಿನಾದ್ಯಂತ' ಅನ್ನೋ ಮಾತು ಮರೆಯಬೇಡಿ.

ಹಾಡು ಬರೆದವರು, ಮಟ್ಟು ಹಾಕಿದವರ ರಾಯಲ್ಟಿ ಪಾಲನ್ನು 2012ರ ತಿದ್ದುಪಡಿಯಾದ ಮೇಲೆ ನೀವು ಬರೆಸಿಕೊಳ್ಳಲು ಆಗುವುದೇ ಇಲ್ಲ. ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಅದನ್ನು ಅವರು ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟೆ ಅಂತ ಸಹಿ ಹಾಕಿದರೂ ಊರ್ಜಿತವಲ್ಲ. ಅವರನ್ನು ಅಂಥದ್ದೇ ಕೃತಿಸ್ವಾಮ್ಯ ಸಂಘವಾದ ಐಪಿಆರ್‌ಎಸ್‌ನ ಸದಸ್ಯರನ್ನಾಗಿ ಮಾಡಿಸಿ. ಫಾರಂ ತುಂಬುವ ಕೆಲಸ ನಿಮ್ಮದೇ ಇರಲಿ, ಅವರಿಗೆ ಅದು ತಲೆನೋವು.

ಓದಲು ಬಾರದ ಹಿರಿಯರಾದರೆ ಪತ್ರವನ್ನು ಕನ್ನಡದಲ್ಲೇ ಮಾಡಿಸಿ. ಅವರ ಮನೆ ಜಗಲಿಯಲ್ಲಿ ಕುಳಿತು, ಮಗನೋ ಮಗಳೋ ಪಕ್ಕದಲ್ಲಿದ್ದಾಗ, ಗಟ್ಟಿಯಾಗಿ ಪೂರ್ತಿ ಓದಿ. ಹೆಬ್ಬೆಟ್ಟು ಒತ್ತುವ ಮುಂಚೆ ಎರಡು ದಿನ ಬಿಡಿ, ಊರಿನಲ್ಲಿ ಯಾರನ್ನಾದರೂ ಕೇಳಿಕೊಳ್ಳಲಿ. ಸಾಕ್ಷಿ ಇಬ್ಬರು ಅವರ ಕಡೆಯವರೇ ಇರಲಿ. ಪತ್ರದ ಒಂದು ಪ್ರತಿ ಅವರ ಮನೆಯಲ್ಲೇ ಇರಬೇಕು.

ಪಾಲಿನ ಲೆಕ್ಕ ಹೇಗೆ? 'ಖರ್ಚೆಲ್ಲ ವಾಪಸ್ ಬಂದ ಮೇಲೆ ಅರ್ಧರ್ಧ' ಅನ್ನೋದು ಎಲ್ಲ ಕಡೆ ನಡೆಯುತ್ತದೆ. ನನಗೆ ಅದು ಒಪ್ಪಿಗೆ ಇಲ್ಲ. ಸಣ್ಣ ಲೇಬಲ್‌ನಲ್ಲಿ ಖರ್ಚು ಎಷ್ಟೋ ಸಲ ವಾಪಸ್ ಬರುವುದೇ ಇಲ್ಲ, ಕಲಾವಿದರು ಕಾಯುತ್ತಲೇ ಇರುತ್ತಾರೆ. ನನ್ನ ಪ್ರಕಾರ ಮೊದಲ ರೂಪಾಯಿಯಿಂದಲೇ ನೂರಕ್ಕೆ 30 ಕಲಾವಿದರಿಗೆ, ಖರ್ಚು ತೀರಿದ ಮೇಲೆ 60.

ನಾಲ್ಕು ಹಾಡಿನ ಒಂದು ರಿಲೀಸ್ ಅಂತ ಇಟ್ಟುಕೊಳ್ಳಿ. ಐವರು ಕಲಾವಿದರಿಗೆ ತಲಾ 2,500ರಂತೆ 12,500. ಮಿಕ್ಸ್, ಮಾಸ್ಟರಿಂಗ್ ಹಾಡಿಗೆ 3,000ದಂತೆ 12,000. ಓಡಾಟ, ಊಟ 3,500. ಕವರ್ ಚಿತ್ರ 3,000. ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಷನ್ 2,000. ಒಂದು ವಿಡಿಯೋಗೆ 8,000. ಒಟ್ಟು 41,000. ಮೊದಲ ವರ್ಷ 18,000 ಬಂತು ಅನ್ನಿ. 5,400 ಕಲಾವಿದರಿಗೆ, 12,600 ನಿಮಗೆ. ನಿಮ್ಮ ಖರ್ಚಿನಲ್ಲಿ ಇನ್ನೂ 28,400 ಬಾಕಿ. ಈ ಲೆಕ್ಕ ನೋಡಿ ಹೆದರುವುದಾದರೆ ಈಗಲೇ ಹೆದರಿ, ಐದನೇ ರಿಲೀಸ್ ಆದಮೇಲೆ ಅಲ್ಲ.

ರೆಕಾರ್ಡಿಂಗ್

ರ‍್ಯಾಪ್ ಹುಡುಗರಿಗೆ ಒಂದು ಚಿಕ್ಕ ಕೋಣೆ, ಗೋಡೆಗೆ ರಗ್ಗು ಇದ್ದರೆ ಸಾಕು. ಅವರು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಬೀಟ್‌ನ ಲೈಸೆನ್ಸ್ ಕಾಗದ ಮಾತ್ರ ಕೇಳಿ ಇಟ್ಟುಕೊಳ್ಳಿ. ಜನಪದ ವಾದ್ಯಗಳದ್ದು ಬೇರೆ ಕಥೆ.

ತಮಟೆಯನ್ನೇ ತೆಗೆದುಕೊಳ್ಳಿ. ಚರ್ಮದ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದರೇ ನಾದ. ಬಿಸಿಗೆ ಚರ್ಮ ಬಿಗಿಯಾಗುತ್ತದೆ, ಪೆಟ್ಟು ಟಣ್ ಅನ್ನುತ್ತದೆ. ಆರಿದ ಹಾಗೆಲ್ಲ ಸಡಿಲಾಗಿ ಶ್ರುತಿ ಇಳಿಯುತ್ತದೆ. ಎಸಿ ಸ್ಟುಡಿಯೋಗೆ ಕರೆದುಕೊಂಡು ಹೋದರೆ ಎರಡನೇ ಟೇಕ್ ಹೊತ್ತಿಗೆ ತಮಟೆ ಡಬ್ ಡಬ್ ಅನ್ನಲು ಶುರು ಮಾಡುತ್ತದೆ. ಎಂಜಿನಿಯರ್ ಮೈಕನ್ನು ಅನುಮಾನಿಸುತ್ತಾ ಕೂರುತ್ತಾನೆ. ಅಂಗಳ ಇರುವ ಜಾಗ ನೋಡಿ. ಒಣಗಿದ ತೆಂಗಿನ ಗರಿ ನಮ್ಮಲ್ಲಿ ಬೇಕಾದಷ್ಟಿದೆ. ಹೊರಗೆ ಸಣ್ಣ ಬೆಂಕಿ ಹಾಕಿಸಿ, ಪ್ರತಿ ಟೇಕ್‌ಗೂ ಮುಂಚೆ ಕಾಯಿಸಿಕೊಳ್ಳಲಿ. ಒಂದೇ ಹಾಡಿನ ಎರಡು ಟೇಕ್ ಕತ್ತರಿಸಿ ಜೋಡಿಸುವ ಆಸೆ ಇದ್ದರೆ ಇದು ಇನ್ನೂ ಮುಖ್ಯ, ಇಲ್ಲವಾದರೆ ಶ್ರುತಿ ಒಂದಕ್ಕೊಂದು ಸೇರುವುದಿಲ್ಲ. ಫೈಬರ್ ತಮಟೆಗೆ ಈ ಕಷ್ಟ ಇಲ್ಲ, ಆದರೆ ಆ ನಾದವೂ ಇಲ್ಲ.

ಮೈಕು ತಮಟೆಗೆ ಮುತ್ತಿಡುವಷ್ಟು ಹತ್ತಿರ ಬೇಡ. ಮೂರ್ನಾಲ್ಕು ಅಡಿ ದೂರವಿಡಿ. ಜೋರಾದ ಪೆಟ್ಟು ರೆಕಾರ್ಡರಿನ ಮೀಟರ್‌ನಲ್ಲಿ -12 ಡೆಸಿಬಲ್ ಆಸುಪಾಸು ನಿಲ್ಲುವ ಹಾಗೆ ಗೇನ್ ಇಳಿಸಿ. ಹುರುಪು ಬಂದಾಗ ಅವರು ಇನ್ನೂ ಜೋರಾಗಿ ಬಾರಿಸುತ್ತಾರೆ, ಅದಕ್ಕೆ ಜಾಗ ಬೇಕು. ಗಣೆಗೆ ಇದರ ಉಲ್ಟಾ. ಉದ್ದನೆಯ ಬಿದಿರು, ದನಿ ಮೆದು, ಉಸಿರಿನ ಸದ್ದೂ ಸಂಗೀತದ ಭಾಗವೇ. ಮೈಕನ್ನು ಬಾಯಿಯ ನೇರಕ್ಕೆ ಹಿಡಿಯದೆ ಸ್ವಲ್ಪ ಪಕ್ಕಕ್ಕೆ, ಬೆರಳುಗಳ ಕಡೆಗೆ ತಿರುಗಿಸಿ. ಉಸಿರನ್ನು ಸಾಫ್ಟ್‌ವೇರ್‌ನಲ್ಲಿ ಒರೆಸಿ ಹಾಕಬೇಡಿ.

ಜಾಗ ಆರಿಸುವಾಗ ಅರ್ಧ ಗಂಟೆ ಸುಮ್ಮನೆ ಕುಳಿತು ಕೇಳಿ. ಹೈವೇ ಲಾರಿ, ಬೋರ್‌ವೆಲ್ ಮೋಟಾರು, ಗುಡಿಯ ಮೈಕು, ಪಕ್ಕದ ಮನೆ ಮಿಕ್ಸಿ. ತೋಟಕ್ಕೆ ಕರೆಂಟ್ ಕೊಡುವ ಹೊತ್ತು ವಿಚಾರಿಸಿ, ಮೋಟಾರು ಓಡುವುದು ಆಗಲೇ. ಭಾನುವಾರದ ಸರ್ಕಾರಿ ಶಾಲೆ ಒಳ್ಳೆಯ ಜಾಗ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಫ್ಯಾನ್ ಆರಿಸಿ, ಬ್ಯಾಟರಿಯಲ್ಲಿ ಓಡುವ ರೆಕಾರ್ಡರ್ ಒಯ್ಯಿರಿ. ಪ್ರತಿ ಜಾಗದಲ್ಲೂ ಯಾರೂ ಮಾತಾಡದ ಒಂದು ನಿಮಿಷವನ್ನು ರೆಕಾರ್ಡ್ ಮಾಡಿಕೊಳ್ಳಿ, ಎಡಿಟಿಂಗ್‌ನಲ್ಲಿ ಬೇಕಾಗುತ್ತದೆ.

24 ಬಿಟ್ ವೇವ್ ಫೈಲ್ ಇರಲಿ. ಸ್ಪಾಟಿಫೈ ಎಲ್ಲ ಹಾಡನ್ನೂ -14 ಎಲ್‌ಯುಎಫ್‌ಎಸ್ (ದನಿಯ ಜೋರು ಅಳೆಯುವ ಮಾನ) ಸುತ್ತ ತಂದು ನುಡಿಸುತ್ತದೆ. ಹಾಗಾಗಿ ಮಾಸ್ಟರಿಂಗ್‌ನವರಿಗೆ 'ಜೋರಾಗಿ ಮಾಡಿ' ಅಂತ ದುಂಬಾಲು ಬೀಳುವುದು ದಂಡ.

ಹೆಸರು ತುಂಬುವ ಕೆಲಸ

ಸ್ಪಾಟಿಫೈ, ಆಪಲ್ ಮ್ಯೂಸಿಕ್, ಜಿಯೋಸಾವನ್‌ಗಳಿಗೆ ಹಾಡು ಡಿಸ್ಟ್ರಿಬ್ಯೂಟರ್ ಮೂಲಕ ಹೋಗುತ್ತದೆ. ವರ್ಷಕ್ಕೆ ಶುಲ್ಕ ಪಡೆಯುವವರಿದ್ದಾರೆ, ಪಾಲು ತೆಗೆದುಕೊಳ್ಳುವವರಿದ್ದಾರೆ. ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು: ಒಂದೇ ಖಾತೆಯಲ್ಲಿ ಹಲವು ಕಲಾವಿದರನ್ನು ಹಾಕಬಹುದಾ? ಶುಲ್ಕ ನಿಲ್ಲಿಸಿದರೆ ಹಾಡು ಉಳಿಯುತ್ತದಾ? ಭಾರತದ ಬ್ಯಾಂಕ್ ಖಾತೆಗೆ ಹಣ ಬರುತ್ತದಾ, ಎಷ್ಟು ಕೂಡಿದ ಮೇಲೆ? ಜಿಯೋಸಾವನ್, ಗಾನಾ, ಯೂಟ್ಯೂಬ್ ಮೂರೂ ಪಟ್ಟಿಯಲ್ಲಿವೆಯಾ? ನಮ್ಮ ಕೇಳುಗರು ಅಲ್ಲಿದ್ದಾರೆ.

ಪ್ರತಿ ಟ್ರ್ಯಾಕ್‌ಗೂ ಐಎಸ್‌ಆರ್‌ಸಿ ಅಂತ 12 ಅಕ್ಷರಗಳ ಗುರುತು ಸಂಖ್ಯೆ ಇರುತ್ತದೆ. ಡಿಸ್ಟ್ರಿಬ್ಯೂಟರ್ ಕೊಡುತ್ತಾರೆ. ಅದನ್ನು ನಿಮ್ಮ ಪುಸ್ತಕದಲ್ಲೂ ಬರೆದಿಡಿ. ನಾಳೆ ಡಿಸ್ಟ್ರಿಬ್ಯೂಟರ್ ಬದಲಿಸಿದರೆ ಅದೇ ಸಂಖ್ಯೆ ಕೊಡಬೇಕು, ಇಲ್ಲವಾದರೆ ಅಲ್ಲಿಯವರೆಗಿನ ಪ್ಲೇ ಎಣಿಕೆ ಕಳೆದುಹೋಗಬಹುದು.

ಕಲಾವಿದರ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಮೊದಲ ದಿನವೇ ಗೊತ್ತು ಮಾಡಿ. ಒಮ್ಮೆ 'ಪ್ಪ'ಗೆ ಒಂದು ಅಕ್ಷರ, ಇನ್ನೊಮ್ಮೆ ಎರಡು ಹಾಕಿದರೆ ಒಬ್ಬರೇ ಮನುಷ್ಯ ಎರಡು ಪುಟಗಳಾಗಿ ಹಂಚಿಹೋಗುತ್ತಾರೆ. ಆಮೇಲೆ ಸೇರಿಸಲು ತಿಂಗಳುಗಟ್ಟಲೆ ಮಿಂಚಂಚೆ ಬರೆಯಬೇಕು. ತಮಟೆ, ತಾಳ, ಹಿಮ್ಮೇಳ ಎಲ್ಲರ ಹೆಸರೂ ಬರಲಿ. 'ಮತ್ತು ತಂಡ' ಅಂತ ಮುಗಿಸಬೇಡಿ. ತನ್ನನ್ನು ಗುರುತಿಸಬೇಕೆಂದು ಕೇಳುವ ಹಕ್ಕು ಕಾನೂನಿನಲ್ಲೇ ಕಲಾವಿದರಿಗಿದೆ.

ಕವರ್ ಚಿತ್ರ 3000 ಗುಣಿಸು 3000 ಪಿಕ್ಸೆಲ್ ಚೌಕ. ಅದರ ಮೇಲೆ ಫೋನ್ ನಂಬರ್, ವೆಬ್ ವಿಳಾಸ ಹಾಕಿದರೆ ತಿರಸ್ಕಾರ ಗ್ಯಾರಂಟಿ. ಜಾತ್ರೆ ಪೋಸ್ಟರ್ ಮಾಡುವ ಡಿಸೈನರ್‌ಗೆ ಇದನ್ನು ಎರಡೆರಡು ಸಲ ಹೇಳಿ.

ಬೇರೆಯವರ ವಿಡಿಯೋದಲ್ಲಿ ನಿಮ್ಮ ಹಾಡನ್ನು ಹಿಡಿಯುವ ಯೂಟ್ಯೂಬಿನ ಯಂತ್ರವೇ ಕಂಟೆಂಟ್ ಐಡಿ, ಅದರ ಬಾಕ್ಸ್‌ಗೆ ಟಿಕ್ ಹಾಕುವ ಮುಂಚೆ ಯೋಚಿಸಿ. ಪೂರ್ತಿ ನಿಮ್ಮದೇ ಆದ ಹಾಡಿಗೆ ಸರಿ. ಎಲ್ಲರೂ ಬಳಸುವ ರೆಡಿಮೇಡ್ ಲೂಪ್ ಇರುವ ಹಾಡಿಗೆ ಬೇಡ. ಜನಪದಕ್ಕೂ ಹುಷಾರು, ಅದೇ ಹಾಡನ್ನು ಹಾಡಿದ ಪಕ್ಕದ ಊರಿನ ಅಕ್ಕನ ವಿಡಿಯೋ ಮೇಲೆ ನಿಮ್ಮ ಹೆಸರಿನಲ್ಲಿ ಕ್ಲೈಮ್ ಬಿದ್ದೀತು.

ಮುಂದಿನ ರಿಲೀಸ್‌ಗಳ ಪಟ್ಟಿ

ವರ್ಷಕ್ಕೆ ಮೂರೋ ನಾಲ್ಕೋ ರಿಲೀಸ್ ಸಾಕು. 2015ರಿಂದ ಜಗತ್ತಿನಲ್ಲೆಲ್ಲ ಹೊಸ ಹಾಡಿಗೆ ಶುಕ್ರವಾರ ಅಂತ ರೂಢಿ. ವಾರ ಅದೇ ಇರಲಿ, ಆದರೆ ತಿಂಗಳು ಆರಿಸುವಾಗ ನಮ್ಮ ಜಿಲ್ಲೆಯ ಪಂಚಾಂಗ ನೋಡಿ.

ಕೈಯಲ್ಲಿ ಮೂರು ಕೆಲಸ ಇವೆ ಅನ್ನಿ: ಒಂದು ಗಣೆ ಆಲ್ಬಂ, ಕೊರಟಗೆರೆ ಕಡೆಯ ಹೆಂಗಸರ ಸೋಬಾನೆ, ಒಂದು ರ‍್ಯಾಪ್ ಸಿಂಗಲ್. ಸೋಬಾನೆ ಮದುವೆ ಕಾಲಕ್ಕೆ ಮುಂಚೆ ಬರಬೇಕು. ಯುಗಾದಿ ಆಸುಪಾಸು ಬಿಟ್ಟರೆ ವೈಶಾಖದ ಮದುವೆ ವಿಡಿಯೋಗಳಿಗೆ ಫೋಟೋಗ್ರಾಫರ್‌ಗಳು ಎತ್ತಿಕೊಳ್ಳುತ್ತಾರೆ. ಆಷಾಢದಲ್ಲಿ ಬಿಟ್ಟರೆ ಕೇಳೋರಿಲ್ಲ. ರ‍್ಯಾಪ್ ಸಿಂಗಲ್ ಕಾಲೇಜುಗಳು ಶುರುವಾದ ಮೇಲೆ, ಪರೀಕ್ಷೆ ಬರುವ ಮುಂಚೆ. ಗಣೆಯನ್ನು ಶಿವರಾತ್ರಿಗೆ ಇಡಬಹುದು. ಆಗ ಸಿದ್ಧಗಂಗೆ ಜಾತ್ರೆ, ದನದ ಪರಿಷೆ, ವಸ್ತುಪ್ರದರ್ಶನ ಎಲ್ಲ ಇರುತ್ತದೆ, ಹಳ್ಳಿಯಿಂದ ಜನ ಬಂದಿರುತ್ತಾರೆ. ದೊಡ್ಡ ಸ್ಟಾರ್ ಸಿನಿಮಾದ ಹಾಡು ಬರುವ ವಾರ, ಎಲೆಕ್ಷನ್ ವಾರ ತಪ್ಪಿಸಿ.

ದಿನ ಗೊತ್ತಾದ ಮೇಲೆ ಹಿಂದಕ್ಕೆ ಎಣಿಸಿ. ಎಂಟು ವಾರ ಮುಂಚೆ ಮಿಕ್ಸ್ ಮುಗಿದು ಕಲಾವಿದರು ಕೇಳಿ ಒಪ್ಪಿರಬೇಕು. ಸ್ಪೀಕರ್ ಒಯ್ದು ಅವರ ಮನೆಯಲ್ಲೇ ಕೇಳಿಸಿ, ವಾಟ್ಸಾಪಿನಲ್ಲಿ ಕಳಿಸಿ 'ಓಕೆನಾ' ಅಂದರೆ ಎಲ್ಲರೂ ಓಕೆ ಅಂತಾರೆ. ಆರು ವಾರಕ್ಕೆ ಮಾಸ್ಟರ್, ಕವರ್, ಸಾಹಿತ್ಯದ ಕನ್ನಡ ಪಠ್ಯ ಸಿದ್ಧ. ನಾಲ್ಕು ವಾರಕ್ಕೆ ಡಿಸ್ಟ್ರಿಬ್ಯೂಟರ್‌ಗೆ ಅಪ್‌ಲೋಡ್. ಏನಾದರೊಂದು ಕಾರಣಕ್ಕೆ ಒಮ್ಮೆ ವಾಪಸ್ ಬರುತ್ತದೆ ಅಂತಲೇ ಎಣಿಸಿಕೊಳ್ಳಿ. ಹಾಡು 'ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್'ನಲ್ಲಿ ಕಾಣಿಸಿದ ಕೂಡಲೇ ಪ್ಲೇಲಿಸ್ಟ್‌ಗೆ ಸೇರಿಸಿ ಅಂತ ಅಲ್ಲಿನ ಸಂಪಾದಕರಿಗೆ ಪಿಚ್ ಕಳಿಸಿ. ಒಂದು ಸಲಕ್ಕೆ ಒಂದೇ ಹಾಡು, ಅದೂ ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ. 'ಸುಮಧುರ ಗೀತೆ' ಅಂತ ಬರೆಯಬೇಡಿ. ಯಾವ ವಾದ್ಯ, ಯಾವ ಸಮುದಾಯ, ಯಾವ ಸಂದರ್ಭದ ಹಾಡು ಅಂತ ನೇರವಾಗಿ ಬರೆಯಿರಿ.

ಕೇಳುಗರ ಹತ್ತಿರ

2024ರಿಂದ ಸ್ಪಾಟಿಫೈನಲ್ಲಿ ಒಂದು ಟ್ರ್ಯಾಕ್ ಹಿಂದಿನ 12 ತಿಂಗಳಲ್ಲಿ 1,000 ಸಲ ಓಡದಿದ್ದರೆ ರೆಕಾರ್ಡಿಂಗ್ ರಾಯಲ್ಟಿಯೇ ಇಲ್ಲ. ಹತ್ತು ಟ್ರ್ಯಾಕ್ ಒಟ್ಟಿಗೆ ಸುರಿದು ಎಲ್ಲವೂ ಮುನ್ನೂರರಲ್ಲಿ ನಿಂತರೆ ಸೊನ್ನೆ. ಆದ್ದರಿಂದ ಕಡಿಮೆ ಟ್ರ್ಯಾಕ್ ಬಿಟ್ಟು, ಒಂದೊಂದನ್ನೂ ಸಾವಿರ ದಾಟಿಸಿ.

ರೇಡಿಯೋ ಸಿದ್ಧಾರ್ಥದಂಥ ಸಮುದಾಯ ಬಾನುಲಿಗೆ ಹಾಡಿನ ಜೊತೆ ಕಲಾವಿದರನ್ನೂ ಕರೆದೊಯ್ಯಿರಿ. ಹೊರದೇಶದ ಕೇಳುಗರಿಗೆ ಹಾಡು ಮಾರುವ ವೆಬ್‌ಸೈಟ್ ಬ್ಯಾಂಡ್‌ಕ್ಯಾಂಪ್ ಒಳ್ಳೆಯದು, ಡಿಜಿಟಲ್ ಮಾರಾಟಕ್ಕೆ ಅವರು ತೆಗೆದುಕೊಳ್ಳುವುದು ನೂರಕ್ಕೆ 15. ಗಣೆಯಂಥ ವಾದ್ಯವನ್ನು ದುಡ್ಡು ಕೊಟ್ಟು ಕೇಳುವವರು ಅಲ್ಲಿ ಸಿಗುತ್ತಾರೆ.

ಜಾತ್ರೆಯಲ್ಲಿ ಪೆನ್‌ಡ್ರೈವ್ ಮಾರಿ. ಟ್ರ್ಯಾಕ್ಟರ್, ಆಟೋ, ಟೆಂಪೋಗಳಲ್ಲಿ ಇವತ್ತಿಗೂ ಅದೇ ಓಡುವುದು. ಫ್ಯಾಟ್32ನಲ್ಲಿ ಫಾರ್ಮ್ಯಾಟ್ ಮಾಡಿ, 320 ಕೆಬಿಪಿಎಸ್ ಎಂಪಿ3 ಹಾಕಿ. ಫೈಲ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಮುಂದೆ 01, 02 ಅಂತ ಸಂಖ್ಯೆ ಇರಲಿ. ಅಗ್ಗದ ಪ್ಲೇಯರ್‌ಗಳಲ್ಲಿ ಕನ್ನಡ ಅಕ್ಷರದ ಬದಲು ಬರೀ ಚೌಕಗಳು ಕಾಣುತ್ತವೆ. ಕನ್ನಡ ಹೆಸರು, ಕಲಾವಿದರ ಫೋಟೋ ಇರುವ ಕಾರ್ಡನ್ನು ಜೊತೆಗಿಡಿ. ಅಂಗಡಿ ಮುಂದೆ ಕಲಾವಿದರೇ ಕುಳಿತು ಊದಿದರೆ ಬೇರೆ ಜಾಹೀರಾತು ಬೇಡ.

ಲೆಕ್ಕ ಒಪ್ಪಿಸುವುದು

ಆರು ತಿಂಗಳಿಗೊಮ್ಮೆ, ಏಪ್ರಿಲ್ ಮತ್ತು ಅಕ್ಟೋಬರ್ ಅಂತ ಇಟ್ಟುಕೊಳ್ಳಿ, ಒಂದು ಹಾಳೆಯ ಲೆಕ್ಕ ಕನ್ನಡದಲ್ಲಿ ಕೊಡಿ. ಎಲ್ಲಿಂದ ಎಷ್ಟು ಬಂತು, ಖರ್ಚಿನಲ್ಲಿ ಎಷ್ಟು ಬಾಕಿ, ನಿಮ್ಮ ಪಾಲು ಇಷ್ಟು. 140 ರೂಪಾಯಿ ಬಂದಿದ್ದರೂ ಕಳಿಸಿ. ಏನೂ ಬಂದಿಲ್ಲದಿದ್ದರೆ ಸೊನ್ನೆ ಬರೆದು ಕಳಿಸಿ. ಫೋನ್ ಮಾಡಿ 'ಏನೂ ಬಂದಿಲ್ಲ ಅಜ್ಜಾ' ಅನ್ನುವುದಕ್ಕೂ ಹಾಳೆ ಕೊಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಯೂಟ್ಯೂಬ್ ಖಾತೆಯಲ್ಲಿ ಅಮೆರಿಕದ ತೆರಿಗೆ ಫಾರಂ ತುಂಬಿದ್ದೀರಾ ಅಂತಲೂ ಆಗಾಗ ನೋಡಿಕೊಳ್ಳಿ. ತುಂಬದಿದ್ದರೆ ಸುಮ್ನೆ ಜಾಸ್ತಿ ಕಡಿತ ಆಗುತ್ತದೆ.

ಮೂಲ ರೆಕಾರ್ಡಿಂಗ್, ಒಪ್ಪಂದದ ಸ್ಕ್ಯಾನ್, ಸಾಹಿತ್ಯ, ಫೋಟೋ ಎಲ್ಲವನ್ನೂ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿಡಿ. ಎರಡೂ ಒಂದೇ ಮನೆಯಲ್ಲಿ ಬೇಡ. ಕಲಾವಿದರು ಹಿರಿಯರಾದರೆ ವಾರಸುದಾರರ ಹೆಸರು, ಬ್ಯಾಂಕ್ ಖಾತೆ, ಫೋನ್ ನಂಬರನ್ನು ಒಪ್ಪಂದದ ದಿನವೇ ಬರೆಸಿಕೊಳ್ಳಿ. ಅವರು ತೀರಿಕೊಂಡ ಮೇಲೂ ಆರು ತಿಂಗಳ ಹಾಳೆ ಆ ಮನೆಗೆ ಹೋಗಬೇಕಲ್ಲ.